ಕೊಸರಿನ ಲೆಕ್ಕ

ಸಂತೆಯಲ್ಲಿ ಬದನೆಕಾಯಿ ಕೊಂಡ ಮೇಲೆ ತರಕಾರಿಯವಳು ಒಂದೆಸಳು ಕರಿಬೇವು, ಎರಡು ಹಸಿಮೆಣಸಿನಕಾಯಿ ನಮ್ಮ ಚೀಲಕ್ಕೆ ಹಾಕುತ್ತಾಳಲ್ಲ, ಅದು ಕೊಸರು. ಅದಕ್ಕೆ ಅವಳು ದುಡ್ಡು ಕೇಳುವುದಿಲ್ಲ. ಕೇಳಿದರೆ ಅದು ಕೊಸರೇ ಅಲ್ಲ. ಈಗ ಅವಳು ಹೀಗೆ ಹೇಳುತ್ತಾಳೆಂದು ಇಟ್ಟುಕೊಳ್ಳಿ: “ಅಮ್ಮಾ, ಹೋದ ವಾರ ನಿಮಗೆ ಬದನೆಕಾಯಿ ಕೊಟ್ಟಿದ್ದೆನಲ್ಲ, ಅದಕ್ಕೆ ಸೇರಬೇಕಾದ ಕರಿಬೇವು ಈಗ ಬಂದಿದೆ. ಬರೀ ಕರಿಬೇವು ಕೊಡೋದಿಲ್ಲ. ಅದೇ ಬದನೆಕಾಯಿ ಇನ್ನೊಂದು ಸಲ ತಗೊಳ್ಳಿ, ಕರಿಬೇವು ಬಿಟ್ಟಿ.” ಹೀಗೆ ಹೇಳಿದವಳನ್ನು ನಾವು ಸುಮ್ಮನೆ ಬಿಡುತ್ತಿದ್ದೆವೇ? ಇಡೀ ಸಂತೆ ಕೇಳುವ ಹಾಗೆ ಜಗಳ ತೆಗೆಯುತ್ತಿದ್ದೆವು. ಆದರೆ ಹಾಡಿನ ಕಂಪನಿಗಳು ಇದೇ ವ್ಯಾಪಾರವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿವೆ. ಓದುಬರಹ ಬಲ್ಲ ಜನ ಸಾಲಿನಲ್ಲಿ ನಿಂತು ಕೊಂಡಿದ್ದಾರೆ.

ಈ ಕೊಸರಿಗೆ ಅವರು ಇಟ್ಟಿರುವ ಹೆಸರು ‘ಬೋನಸ್ ಟ್ರ್ಯಾಕ್’. ಜನ ಮೆಚ್ಚಿದ ಹಳೆಯ ಆಲ್ಬಮ್ಮೊಂದನ್ನು ಮತ್ತೆ ಬಿಡುಗಡೆ ಮಾಡುವುದು. ಅದರ ಬಾಲಕ್ಕೆ ಅಂದು ಕೈಬಿಟ್ಟ ಹಾಡು, ಅರ್ಧಂಬರ್ಧ ಕರಡು, ಯಾವುದೋ ಊರಿನ ಕಛೇರಿಯಲ್ಲಿ ಹಾಡಿದ್ದು, ಇಂಥವನ್ನು ಅಂಟಿಸುವುದು. ಇದರಿಂದ ಯಾರಿಗೇನು ನಷ್ಟ ಎನ್ನುತ್ತೀರಾ? ಬರೀ ಹಣದ ನಷ್ಟವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಷ್ಟ ಇನ್ನೂ ಒಂದಿದೆ. ಅದು ಏನೆಂದು ತೋರಿಸಲು ಒಂದೇ ಒಂದು ಆಲ್ಬಮ್ಮನ್ನು ಹಿಡಿದುಕೊಳ್ಳುತ್ತೇನೆ. ಆ ಹಾಡುಗಳನ್ನು ಕೇಳದವರಿಗೂ ಈ ತಕರಾರು ಅರ್ಥವಾಗುತ್ತದೆ.

1974ರಲ್ಲಿ ನ್ಯೂಯಾರ್ಕಿನಲ್ಲಿ ‘ಬ್ಲಾಂಡಿ’ ಎಂಬ ತಂಡ ಹುಟ್ಟಿತು. ಹಾಡುವವರು ಡೆಬ್ಬಿ ಹ್ಯಾರಿ. ಆಕೆಯ ಹೊಂಬಣ್ಣದ ಕೂದಲು ಕಂಡು ಲಾರಿ ಚಾಲಕರು ಬೀದಿಯಲ್ಲಿ ಕೂಗುತ್ತಿದ್ದ ಪೋಲಿ ಕರೆಯನ್ನೇ ಎತ್ತಿಕೊಂಡು ತಂಡಕ್ಕೆ ಹೆಸರು ಮಾಡಿಕೊಂಡರು. ಆ ಧೈರ್ಯ ನನಗೆ ಮೊದಲು ಹಿಡಿಸಿತು. ಬವರಿ ರಸ್ತೆಯ ‘ಸಿ.ಬಿ.ಜಿ.ಬಿ.’ ಎಂಬ ಕ್ಲಬ್ಬಿನಲ್ಲಿ ಹಾಡುತ್ತಿದ್ದ ಇಂಥ ತಂಡಗಳ ಸಂಗೀತಕ್ಕೆ ‘ನ್ಯೂ ವೇವ್’ ಎಂಬ ಹೆಸರು ಬಿತ್ತು. ರಾಕ್ ಸಂಗೀತದ ಗದ್ದಲ ಇದೆ, ಆದರೆ ಹಾಡು ಚಿಕ್ಕದು, ಚುರುಕಿನದು, ನಡುವೆ ಒಂದು ಕುಹಕದ ನಗೆ. 1978ರ ಸೆಪ್ಟೆಂಬರಿನಲ್ಲಿ ಇವರ ಮೂರನೆಯ ಆಲ್ಬಂ ‘ಪ್ಯಾರಲಲ್ ಲೈನ್ಸ್’ ಬಂತು. ಹೊದಿಕೆಯ ಮೇಲೆ ಕಪ್ಪು ಬಿಳುಪು ಪಟ್ಟೆಗಳ ಮುಂದೆ ಕಪ್ಪು ಸೂಟಿನ ಐವರು ಗಂಡಸರು ನಗುತ್ತಾ ನಿಂತಿದ್ದಾರೆ. ನಡುವೆ ಬಿಳಿ ಉಡುಪಿನಲ್ಲಿ ಹ್ಯಾರಿ, ಕೈ ಸೊಂಟದ ಮೇಲೆ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಫೋಟೋ ತೆಗೆಸುವಾಗಲೆಲ್ಲ “ಸ್ವಲ್ಪ ನಗಮ್ಮಾ” ಎಂದು ಹೇಳಿಸಿಕೊಂಡೇ ಬೆಳೆದ ನಮಗೆ ಆ ಮುಖ ಎಷ್ಟು ಸಮಾಧಾನ ಕೊಡುತ್ತದೆಂದು ಬಿಡಿಸಿ ಹೇಳಬೇಕೇ?

ಆಲ್ಬಮ್ಮಿನಲ್ಲಿ ಹನ್ನೆರಡು ಹಾಡು, ಎಲ್ಲ ಸೇರಿ ನಲವತ್ತು ನಿಮಿಷಕ್ಕೂ ಕಡಿಮೆ. ಮೊದಲ ಹಾಡು ‘ಹ್ಯಾಂಗಿಂಗ್ ಆನ್ ದ ಟೆಲಿಫೋನ್’, ಅಂದರೆ ಫೋನಿಗೆ ಜೋತುಬಿದ್ದು ಕಾಯುವುದು. ಅದು ‘ದ ನರ್ವ್ಸ್’ ಎಂಬ ಬೇರೆ ತಂಡದ ಹಾಡು; ಒಬ್ಬ ಗಂಡಸು ಬರೆದದ್ದು. ಕೊನೆಯದು ‘ಜಸ್ಟ್ ಗೋ ಅವೇ’, ಅಂದರೆ ‘ಸುಮ್ಮನೆ ಹೊರಟುಹೋಗು’. ಇದನ್ನು ಬರೆದವರು ಹ್ಯಾರಿ. ಈ ಕ್ರಮವನ್ನು ಯಾರೋ ಬೇಕೆಂದೇ ಕತೆಯಾಗಿ ಹೆಣೆದರೆಂದು ನಾನು ಹೇಳುತ್ತಿಲ್ಲ. ಆದರೆ ಕೇಳುವವಳಿಗೆ ದಾರಿ ಕಾಣುತ್ತದೆ. ಫೋನು ಹಿಡಿದು ಗೋಗರೆಯುತ್ತಿದ್ದವಳು ನಲವತ್ತು ನಿಮಿಷದೊಳಗೆ ಬಾಗಿಲು ತೋರಿಸುವವಳಾಗುತ್ತಾಳೆ. ಅಲ್ಲಿಗೆ ತಟ್ಟೆ ನಿಲ್ಲುತ್ತದೆ. ಆಮೇಲಿನ ಮೌನವೂ ಅವಳದೇ.

2001ರಲ್ಲಿ ಇದನ್ನು ಸಿ.ಡಿ.ಯಾಗಿ ಮತ್ತೆ ಹೊರತಂದರು. ಹನ್ನೆರಡರ ಹಿಂದೆ ನಾಲ್ಕು ಬೋನಸ್. ಮೊದಲು ‘ಒನ್ಸ್ ಐ ಹ್ಯಾಡ್ ಎ ಲವ್’ ಎಂಬ ಕರಡು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಉಳಿದ ಮೂರು ಸಭೆಯಲ್ಲಿ ಹಾಡಿದವು. ಅವುಗಳಲ್ಲಿ ಒಂದು ಇಂಗ್ಲೆಂಡಿನ ‘ಟಿ. ರೆಕ್ಸ್’ ತಂಡದ ಹಾಡು. ಈ ಆಲ್ಬಮ್ಮಿಗೂ ಅದಕ್ಕೂ ನಂಟೇ ಇಲ್ಲ. ಎಲ್ಲಕ್ಕಿಂತ ಕೊನೆಯದು ಯಾವುದು ಗೊತ್ತೇ? ಮತ್ತೆ ಅದೇ ‘ಹ್ಯಾಂಗಿಂಗ್ ಆನ್ ದ ಟೆಲಿಫೋನ್’! ‘ಹೊರಟುಹೋಗು’ ಎಂದು ಬಾಗಿಲು ಹಾಕಿದವಳನ್ನು ಹದಿನೈದು ನಿಮಿಷ ಕಳೆಯುವುದರೊಳಗೆ ಎಳೆದು ತಂದು ಮತ್ತೆ ಫೋನಿಗೆ ಜೋತುಹಾಕಿದರು. ಹೆಂಗಸು ‘ಮುಗಿಯಿತು’ ಎಂದಾಗ ಅದನ್ನು ಮುಗಿಯಿತೆಂದು ಒಪ್ಪುವವರು ಮೊದಲೇ ಕಡಿಮೆ. ಕಂಪನಿಯಲ್ಲಿ ಈ ಪಟ್ಟಿ ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಅವರು ಅದನ್ನು ಗಮನಿಸಲೇ ಇಲ್ಲವೇನೋ. ನನ್ನ ತಕರಾರು ಅದೇ.

ನನ್ನ ಅಕ್ಕನ ಮಗನಿಗೆ ಇಂಥ ತಟ್ಟೆಗಳನ್ನು ಕೂಡಿಡುವ ಹುಚ್ಚು. ಅವನ ವಾದ ಇಷ್ಟೇ: “ಚಿಕ್ಕಮ್ಮ, ಹನ್ನೆರಡು ಮುಗಿದ ಕೂಡಲೇ ನಿಲ್ಲಿಸಿಬಿಡು. ನಿನ್ನನ್ನು ಕೇಳು ಅಂತ ಯಾರು ಹೇಳಿದರು?” ಅಡುಗೆಮನೆಯಲ್ಲಿ ಕೈತುಂಬ ಹಿಟ್ಟು ಮೆತ್ತಿಕೊಂಡು ಹಾಡು ಕೇಳುವವಳಿಗೆ ಈ ಉಪದೇಶ! ನಿಲ್ಲಿಸಲು ಹಿಟ್ಟಿನ ಕೈಯಲ್ಲಿ ನಾನು ಓಡಬೇಕು. ಮಂಗಳ ಹಾಡಿ ತಂಬೂರಿ ಕೆಳಗಿಟ್ಟ ಮೇಲೆ ಗಾಯಕರು ಮತ್ತೆ ವೇದಿಕೆಗೆ ಬಂದು ತಾಲೀಮಿನ ಸರಿಗಮ ಶುರುಮಾಡಿದರೆ “ಬೇಡದವರು ಎದ್ದುಹೋಗಿ” ಎನ್ನುತ್ತೇವೆಯೇ? ಎಲ್ಲಿ ಮುಗಿಸಬೇಕೆಂಬ ತೀರ್ಮಾನವೂ ಹಾಡುಗಾರಿಕೆಯ ಒಂದು ಭಾಗವೇ.

ಹಣದ ಲೆಕ್ಕವನ್ನೂ ಬಿಡುವುದು ಬೇಡ. 2008ರಲ್ಲಿ ಮೂವತ್ತು ವರ್ಷ ತುಂಬಿತೆಂದು ಇನ್ನೊಂದು ಆವೃತ್ತಿ ಬಂತು. ಹಳೆಯ ನಾಲ್ಕು ಬೋನಸ್ ಮಾಯ. ಅವುಗಳ ಜಾಗದಲ್ಲಿ ಬೇರೆ ನಾಲ್ಕು, ಜೊತೆಗೆ ಒಂದು ಡಿ.ವಿ.ಡಿ. ‘ಸಂಡೇ ಗರ್ಲ್’ ಹಾಡನ್ನು ಹ್ಯಾರಿ ಫ್ರೆಂಚಿನಲ್ಲಿ ಹಾಡಿದ್ದು ಅದರಲ್ಲಿದೆ. ಕೇಳಲು ಸೊಗಸಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಇನ್ನೆರಡು ಹಾಡು, ಎಷ್ಟೋ ವರ್ಷಗಳ ನಂತರ ಬೇರೆ ಯಾರೋ ಕುಣಿತಕ್ಕೆಂದು ಹ್ಯಾರಿಯ ದನಿಯನ್ನು ಕತ್ತರಿಸಿ, ಹಿಗ್ಗಿಸಿ, ತಮ್ಮ ತಾಳಕ್ಕೆ ಅಂಟಿಸಿದವು. 1978ಕ್ಕೂ ಅವುಗಳಿಗೂ ಏನು ಸಂಬಂಧ? ಮೊದಲ ಸಿ.ಡಿ. ಕೊಂಡವಳಿಗೆ ಈ ನಾಲ್ಕಿಲ್ಲ, ಎರಡನೆಯದನ್ನು ಕೊಂಡವಳಿಗೆ ಆ ನಾಲ್ಕಿಲ್ಲ. ಎಂಟೂ ಬೇಕೆಂದರೆ ಅದೇ ಹನ್ನೆರಡು ಹಾಡಿಗೆ ಎರಡು ಸಲ ದುಡ್ಡು ತೆರಬೇಕು. ಇದೇ ನಾನು ಹೇಳಿದ ಬದನೆಕಾಯಿ ವ್ಯಾಪಾರ.

ತಿದ್ದುವ ಚಾಳಿ ಸಿ.ಡಿ. ಕಾಲದಲ್ಲಿ ಶುರುವಾದದ್ದೂ ಅಲ್ಲ. ಈ ಆಲ್ಬಮ್ಮಿನ ‘ಹಾರ್ಟ್ ಆಫ್ ಗ್ಲಾಸ್’ 1979ರಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮೊದಲ ಮುದ್ರಣದಲ್ಲಿ ಅದು ನಾಲ್ಕು ನಿಮಿಷವೂ ಇರಲಿಲ್ಲ. ಹಾಡು ಗೆದ್ದ ಮೇಲಿನ ಮುದ್ರಣಗಳಲ್ಲಿ ಅದನ್ನು ತೆಗೆದು, ನೃತ್ಯಶಾಲೆಗೆಂದು ಉದ್ದಮಾಡಿದ ಸುಮಾರು ಆರು ನಿಮಿಷದ್ದನ್ನು ಕೂರಿಸಿದರು. ಹೆಸರು ಅದೇ, ಹೊದಿಕೆ ಅದೇ, ಒಳಗಿನ ಹಾಡು ಬೇರೆ.

ಹಾಗಾದರೆ ಕರಡುಗಳನ್ನೆಲ್ಲ ಒಲೆಗೆ ಹಾಕಬೇಕೇ? ಖಂಡಿತ ಬೇಡ. ನಾನು ಆಮೇಲೆ ಬರುತ್ತೇನೆಂದ ‘ಒನ್ಸ್ ಐ ಹ್ಯಾಡ್ ಎ ಲವ್’ ವಿಷಯ ಇದೇ. ಅದು ‘ಹಾರ್ಟ್ ಆಫ್ ಗ್ಲಾಸ್’ ಹಾಡಿನ ಕರಡು. ಹ್ಯಾರಿ ಮತ್ತು ಗಿಟಾರಿನ ಕ್ರಿಸ್ ಸ್ಟೈನ್ ಇಬ್ಬರೂ ಸೇರಿ ಕಟ್ಟಿದ್ದು. ಹಾಡು ಜಯಭೇರಿ ಹೊಡೆದಾಗ ಎರಡು ಆರೋಪ ಬಂದವು. ಹಳೆಯ ಅಭಿಮಾನಿಗಳು, ಡಿಸ್ಕೋ ಅಲೆ ಬಂದ ಕೂಡಲೇ ದುಡ್ಡಿಗಾಗಿ ಇವರು ತಮ್ಮ ಸಂಗೀತ ಮಾರಿಕೊಂಡರು ಎಂದರು. ಇನ್ನು ಕೆಲವರು ಗೆಲುವನ್ನೆಲ್ಲ ನಿರ್ಮಾಪಕ ಮೈಕ್ ಚಾಪ್‌ಮನ್ನರ ಲೆಕ್ಕಕ್ಕೆ ಬರೆದರು. ಸುಂದರವಾದ ಹೆಂಗಸೊಬ್ಬಳು ಗೆದ್ದಾಗ ಅವಳ ಹಿಂದೆ ಒಬ್ಬ ಗಂಡಸನ್ನು ಹುಡುಕುವುದು ಎಲ್ಲ ದೇಶದಲ್ಲೂ ಇರುವ ಅಭ್ಯಾಸ.

ಕರಡು ಈ ಎರಡಕ್ಕೂ ಉತ್ತರ ಹೇಳುತ್ತದೆ. 1975ರಲ್ಲಿ, ಇವರ ಮೊದಲ ಆಲ್ಬಂ ಕೂಡ ಬಾರದಿದ್ದಾಗ, ಚಾಪ್‌ಮನ್ ಇವರ ಹತ್ತಿರಕ್ಕೂ ಸುಳಿಯದಿದ್ದಾಗ, ಈ ಹಾಡನ್ನು ಇವರು ಟೇಪಿನಲ್ಲಿ ಹಿಡಿದಿಟ್ಟಿದ್ದರು. ಆಗ ತಮ್ಮತಮ್ಮಲ್ಲೇ ಅದನ್ನು ಕರೆಯುತ್ತಿದ್ದ ಹೆಸರು ‘ದ ಡಿಸ್ಕೋ ಸಾಂಗ್’! ಅಂದಮೇಲೆ ಅಲೆ ಕಂಡು ಹಾರಿದವರು ಎಲ್ಲಿ ಬಂದರು? 1978ರ ಕರಡಿನಲ್ಲಿ ಮುಂದೆ ಬಂದ ಮಿನುಗು ಇನ್ನೂ ಇಲ್ಲ. ತಾಳ ಬಾರಿಸುವ ಯಂತ್ರ, ಒಂದೊಂದು ಪದರವನ್ನೂ ತಿದ್ದಿತೀಡಿದ ಹೊಳಪು ಚಾಪ್‌ಮನ್ನರ ಜೊತೆಗಿನ ದುಡಿಮೆಯಿಂದ ಬಂದವು. ಆತನ ಪಾಲನ್ನು ನಾನು ಕಸಿಯುವುದಿಲ್ಲ. ಆದರೆ ಬೀಜ ಯಾರದೆಂದು ಕೇಳಿದರೆ ಕರಡು ಕೈಯೆತ್ತಿ ಸಾಕ್ಷಿ ಹೇಳುತ್ತದೆ. ನಮ್ಮ ದುಡಿಮೆಗೆ ಇಂಥ ಸಾಕ್ಷಿ ಎಷ್ಟು ಉಳಿದಿದೆ ಹೇಳಿ? ಹೋಳಿಗೆ ತಿಂದವರಿಗೆ ಹೂರಣ ರುಬ್ಬಿದ ರಾತ್ರಿ ಕಾಣುವುದಿಲ್ಲ.

ಇಷ್ಟು ದೊಡ್ಡ ಸಾಕ್ಷಿಯನ್ನು 2001ರ ಸಿ.ಡಿ.ಯಲ್ಲಿ ಎಲ್ಲಿ ಕೂರಿಸಿದರು? ಹದಿಮೂರನೆಯ ಸ್ಥಾನದಲ್ಲಿ, ಎಲ್ಲ ಎಲೆ ಎತ್ತಿದ ಮೇಲೆ, ಯಾರದೋ ಟಿ. ರೆಕ್ಸ್ ಹಾಡಿನ ಪಕ್ಕದಲ್ಲಿ. ಹೀಗೆ ಮಾಡಿದ್ದರಿಂದ ಎರಡು ಅನ್ಯಾಯ ಒಟ್ಟಿಗೇ ನಡೆದವು. ಮುಗಿದ ಕೃತಿಗೆ ತನ್ನ ಕೊನೆಯ ಮಾತು ಉಳಿಯಲಿಲ್ಲ. ಕರಡಿಗೆ ಅದರ ಮರ್ಯಾದೆ ಸಿಗಲಿಲ್ಲ. ಬೋನಸ್ಸಿನ ಮೇಲೆ ನನ್ನ ದೂರು ಅದು ಹೆಚ್ಚಾಯಿತೆಂದಲ್ಲ. ತೂಕವಿರುವ ವಸ್ತುವನ್ನೂ ಅದು ಕೊಸರು ಮಾಡಿಬಿಡುತ್ತದೆ ಎಂದು.

ಬೇರೆ ರೀತಿ ಮಾಡಲು ಬರುವುದಿಲ್ಲವೇ? ಬರುತ್ತದೆ. 2022ರ ಆಗಸ್ಟಿನಲ್ಲಿ ಬ್ಲಾಂಡಿಯ ‘ಅಗೇನ್‌ಸ್ಟ್ ದ ಆಡ್ಸ್: 1974–1982’ ಎಂಬ ಪೆಟ್ಟಿಗೆ ಬಂತು. ವುಡ್‌ಸ್ಟಾಕ್ ಊರಿನ ಹತ್ತಿರ ಕ್ರಿಸ್ ಸ್ಟೈನರ ಕಣಜದ ಮನೆಯಲ್ಲಿ ವರ್ಷಾನುಗಟ್ಟಲೆ ಬಿದ್ದಿದ್ದ ಟೇಪುಗಳನ್ನು ತೆಗೆದು, ಒರೆಸಿ, ಕಾಲದ ಕ್ರಮದಲ್ಲಿ ಜೋಡಿಸಿದರು. ದೊಡ್ಡ ಪೆಟ್ಟಿಗೆಯ ತಟ್ಟೆಗಳಲ್ಲಿ ಆರು ಆಲ್ಬಂಗಳು ತಮ್ಮ ಪಾಡಿಗೆ ತಾವಿವೆ. ಕರಡುಗಳಿಗೆ ಅವುಗಳದೇ ಬೇರೆ ತಟ್ಟೆಗಳು. ಆ ಕರಡು ಅಲ್ಲಿ ಬಾಲವಲ್ಲ, ಒಂದು ಅಧ್ಯಾಯ. ಆಲ್ಬಂಗಳು ಮನೆಯಲ್ಲಿ ಇರುವವರು ಅಪರೂಪದ ಹಾಡುಗಳನ್ನಷ್ಟೇ ಕೊಳ್ಳಲೆಂದು ಚಿಕ್ಕ ಆವೃತ್ತಿಯನ್ನೂ ತಂದರು. ಬರೀ ಕರಿಬೇವನ್ನೂ ಮಾರಬಹುದೆಂದು ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು! ದೊಡ್ಡ ಪೆಟ್ಟಿಗೆ ಶ್ರೀಮಂತರ ಷೋಕೇಸಿಗೆ ಎಂಬುದು ನಿಜ. ಆದರೆ ದಾರಿ ಸರಿಯಾದದ್ದು.

ಈಗ ಫೋನಿನಲ್ಲೇ ಹಾಡು ಕೇಳುತ್ತೇವೆ, ತಟ್ಟೆ ಕೊಳ್ಳುವ ಗೋಜೇ ಇಲ್ಲ ಎನ್ನಬೇಡಿ. ಅಲ್ಲಿಯೂ ‘ಡಿಲಕ್ಸ್’ ಎಂಬ ಹೆಸರಿನ ಪಟ್ಟಿಗಳಿವೆ. ಕೊನೆಯ ಹಾಡು ಮುಗಿದು ಉಸಿರು ಬಿಡುವಷ್ಟರಲ್ಲಿ ಬೋನಸ್ ಶುರುವಾಗುತ್ತದೆ. ಆದ್ದರಿಂದ ಓದುಗ ತಂಗಿಯರೇ, ಯಾವ ಆಲ್ಬಮ್ಮನ್ನಾದರೂ ಮೊದಲ ಸಲ ಕೇಳುವಾಗ ಅದು ಮೊದಲು ಬಿಡುಗಡೆಯಾದಾಗ ಎಷ್ಟು ಹಾಡಿತ್ತೆಂದು ಹುಡುಕಿ, ಅಷ್ಟನ್ನೇ ಕೇಳಿ. ಕರಡುಗಳನ್ನು ಬೇರೆ ದಿನ, ಬೇರೆಯಾಗಿ, ಗಮನವಿಟ್ಟು ಕೇಳಿ. ಅವು ನಿಮ್ಮ ಗಮನಕ್ಕೆ ಅರ್ಹವಾಗಿವೆ. ಕಂಪನಿಯವರಿಗೆ ಹೇಳುವುದು ಇಷ್ಟೇ: ಸಾಕ್ಷಿಯನ್ನು ಸಾಕ್ಷಿಯಾಗಿ ತನ್ನಿ, ಬೆಲೆ ಹೇಳಿ, ಕೊಡುತ್ತೇವೆ. ಬಿಟ್ಟಿ ಎಂಬ ಸುಳ್ಳು ಬೇಡ. ಮತ್ತು ಅವಳು ‘ಹೊರಟುಹೋಗು’ ಎಂದ ಮೇಲೆ ದಯವಿಟ್ಟು ಹೊರಡಿ.