ಇಂಜಿನ್ ಬದಲಿಸುವ ಮುನ್ನ

ಗುರುಗುಂಟಾದಿಂದ ದಿನವೂ ಲಿಂಗಸುಗೂರಿಗೆ ಹೋಗಿ ಗ್ಯಾರೇಜಿನಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ: "ಸರ್, ಹಳೇ ಕಾಂಟೆಸ್ಸಾ ಕಾರೊಂದು ಕಡಿಮಿ ರೇಟಿಗೆ ಸಿಗಾಕತ್ತೈತ್ರಿ. ಅದಕ್ಕ ದೊಡ್ಡ ಇಂಜಿನ್ ಕೂಡ್ರಿಸಬೇಕಂತ ಮಾಡೀನಿ. ಅಬ್ಬಾ ಬ್ಯಾಡ ಅಂತಾರ. ನೀವರ ಒಂದ್ ಮಾತು ಹೇಳ್ರಿ."

ಇದನ್ನು ಬರೀ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಈ ಕಾರಿನ ಇಂಜಿನ್ನನ್ನು ಕಂಪನಿಯೇ ಬದಲಿಸಿತ್ತು. 1984ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಾಂಟೆಸ್ಸಾವನ್ನು ತಂದಾಗ ಅದರೊಳಗಿದ್ದುದು ಅಂಬಾಸಿಡರಿನ 1.5 ಲೀಟರ್ ಇಂಜಿನ್. ಅಷ್ಟು ಭಾರದ ಕಾರಿಗೆ ಅದು ಸಾಲಲಿಲ್ಲ. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಇಂಜಿನ್ ಬಂತು. ಆದರೆ ಅದು ಒಂಟಿಯಾಗಿ ಬರಲಿಲ್ಲ, ಐದು ಗೇರುಗಳ ಗೇರ್‌ಬಾಕ್ಸನ್ನೂ ಜೊತೆಗೆ ತಂದಿತು.

ಜಗತ್ತಿನಲ್ಲಿ ಇದಕ್ಕೆ ಹೆಸರಾದ ಉದಾಹರಣೆ ಕೋಬ್ರಾ ಕಾರು. 1962ರಲ್ಲಿ ಅಮೆರಿಕದ ಕ್ಯಾರೊಲ್ ಶೆಲ್ಬಿ ಎಂಬವರು 'ಏಸ್' ಎಂಬ ಇಂಗ್ಲೆಂಡಿನ ಹಗುರ ಸ್ಪೋರ್ಟ್ಸ್ ಕಾರಿಗೆ ಫೋರ್ಡ್ ಕಂಪನಿಯ ಎಂಟು ಸಿಲಿಂಡರಿನ, 4.2 ಲೀಟರ್ ಇಂಜಿನ್ ಕೂಡಿಸಿದರು. ಆಗಲೇ ಹಿಂದಿನ ಡಿಫರೆನ್ಷಿಯಲನ್ನು ಬಲಪಡಿಸಬೇಕಾಯಿತು. 1965ರಲ್ಲಿ 7 ಲೀಟರ್ ಇಂಜಿನ್ ಹಾಕುವಾಗ ಚಾಸಿಯ 3 ಇಂಚಿನ ಕೊಳವೆಗಳನ್ನು ತೆಗೆದು 4 ಇಂಚಿನವನ್ನು ಹಾಕಿದರು. ಪಟ್ಟಿ ಸ್ಪ್ರಿಂಗಿನ ಬದಲು ಸುರುಳಿ ಸ್ಪ್ರಿಂಗ್ ಬಂತು. ಬಲ ಹೆಚ್ಚಿದಂತೆ ಅದನ್ನು ಹೊರುವ ಮೈಯನ್ನೂ ಹೊಸದಾಗಿ ಕಟ್ಟಬೇಕಾಯಿತು.

ಕಾರಣ ಸರಳ. ವೇಗ ಎರಡು ಪಟ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸರಾಗವಾಗಿ ನಿಲ್ಲುವ ಗಾಡಿ 120ರಲ್ಲಿ ಹಾಗೆ ನಿಲ್ಲುವುದಿಲ್ಲ. ನಮ್ಮ ರಸ್ತೆಗಳಲ್ಲಿ ಕುರಿಹಿಂಡು, ಎತ್ತಿನ ಬಂಡಿ, ಶಾಲೆ ಬಿಟ್ಟು ಬರುವ ಮಕ್ಕಳು ಯಾವಾಗ ಅಡ್ಡ ಬರುತ್ತಾರೋ ಹೇಳಲಾಗದು. ಕಾರು ನಮ್ಮದಿರಬಹುದು, ಎದುರಿಗೆ ಬರುವ ಜೀವ ನಮ್ಮದಲ್ಲ.

ಕಾನೂನನ್ನೂ ತಿಳಿದಿರಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ತಪ್ಪಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. 15 ವರ್ಷ ದಾಟಿದ ಕಾರಿನ ಆರ್.ಸಿ. ನವೀಕರಿಸುವಾಗ ಗಾಡಿಯ ತಪಾಸಣೆ ನಡೆಯುತ್ತದೆ. ಆರ್.ಸಿ.ಯಲ್ಲೊಂದು, ಗಾಡಿಯಲ್ಲೊಂದು ಇಂಜಿನ್ ನಂಬರ್ ಇದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಇಷ್ಟೇ ಸಾಕು. ಆಗ ಹೊರೆ ಬೀಳುವುದು ಮನೆಯವರ ಮೇಲೆ.

ಹಾಗಾದರೆ ಹುಡುಗ ಕಾರಿನ ಆಸೆಯನ್ನೇ ಬಿಡಬೇಕೇ? ಬೇಕಿಲ್ಲ. ಬೋರಿಗೆ ಬಂದ ಹಳೆಯ ಇಂಜಿನ್ನನ್ನು ಬಿಚ್ಚಿ, ರಿಂಗು ಪಿಸ್ಟನ್ ಹಾಕಿ, ಮೊದಲಿನಂತೆ ಓಡಿಸುವುದೇ ಒಂದು ದೊಡ್ಡ ವಿದ್ಯೆ. ಅದು ಪೂರಾ ಕೆಟ್ಟಿದ್ದರೆ ಅದೇ ಕಂಪನಿಯ, ಅದೇ ಮಾದರಿಯ ಇಂಜಿನ್ನನ್ನು ಆರ್.ಟಿ.ಓ. ಅನುಮತಿ ಪಡೆದು ಹಾಕಲು ದಾರಿಯಿದೆ.

ತಂದೆಯಂದಿರಿಗೂ ಒಂದು ಮಾತು. ಬರೀ "ಬೇಡ" ಎಂದರೆ ಮಗ ನಿಮಗೆ ತಿಳಿಯದಂತೆ ಮಾಡಿಯಾನು. ಅದರ ಬದಲು ಹತ್ತಿರ ಕೂಡಿಸಿಕೊಂಡು, "ಇಂಜಿನ್ ಸರಿ, ಬ್ರೇಕಿಗೆ ಏನು ಮಾಡ್ತಿ? ಚಾಸಿ ತಾಳುತ್ತದೇನು? ಆರ್.ಸಿ. ಗತಿ ಏನು?" ಎಂದು ಕೇಳಿರಿ. ಕೈಕೆಲಸ ಬಲ್ಲ ಹುಡುಗನಿಗೆ ಈ ಪ್ರಶ್ನೆಗಳು ಖಂಡಿತ ನಾಟುತ್ತವೆ.