ಆಕ್ಸಿಜನ್ನಿಗೆ ಕನ್ನಡ ಬೇಡವೇ?

ಮುಂಬೈ ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ಲೆಕ್ಕ ನೋಡಿದವನು ನಾನು. ಹೋದ ವರ್ಷ ಅಮ್ಮನ ಜೊತೆ ಬೆಂಗಳೂರಿನ ವಿಮಾನದಲ್ಲಿ ಕೂತಾಗಲೂ ಲೆಕ್ಕವೇ ಹಾಕಿದೆ. ಹಾರುವ ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಬೆಟ್ಟದ ಮೇಲಿನಷ್ಟು ತೆಳು. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 6,330 ಅಡಿ! ಒತ್ತಡ ಕೆಟ್ಟರೆ ಬೀಳುವ ಮಾಸ್ಕಿನಲ್ಲಿ ಆಮ್ಲಜನಕ ಸಾಮಾನ್ಯವಾಗಿ ಹನ್ನೆರಡು-ಹದಿನೈದು ನಿಮಿಷಕ್ಕೆ ಮಾತ್ರ. ಅಷ್ಟರಲ್ಲಿ ಪೈಲಟ್ 10,000 ಅಡಿಗೆ ಇಳಿಸ್ತಾನೆ, ಸರಿ. ಆದರೆ 35,000 ಅಡಿಯಲ್ಲಿ ಮಾಸ್ಕಿಲ್ಲದೆ ಬುದ್ಧಿ ನೆಟ್ಟಗಿರೋದು ಅರ್ಧದಿಂದ ಒಂದು ನಿಮಿಷ. ಬಹುಪಾಲು ವಿಮಾನಗಳಲ್ಲಿ ಮಾಸ್ಕನ್ನು ಎಳೆದರಷ್ಟೇ ಆಮ್ಲಜನಕ ಹುಟ್ಟುತ್ತೆ. ಇದನ್ನೆಲ್ಲ ಹೇಳಿದ್ದು ಹಿಂದಿ, ಇಂಗ್ಲಿಷಿನಲ್ಲಿ. "ಏನಂತೆ ಕಣೋ?" ಅಂದಳು ಅಮ್ಮ.

ಎರಡು ನಿಮಿಷದ ಕನ್ನಡ ಧ್ವನಿಮುದ್ರಣಕ್ಕೆ ಎಷ್ಟು ಖರ್ಚು ಸ್ವಾಮಿ? ಹೊರನಾಡಿನ ನಾವು ಕೇಳಿದರೆ ನಗ್ತಾರೆ. ಊರಲ್ಲಿರುವ ನೀವು ಯಾಕೆ ಕೇಳಲ್ಲ?