ನೋಟಿಸ್ ಬಂತೆಂದು ಹೆಸರು ಬಿಟ್ಟುಕೊಡಬೇಕೆ?

ನಮ್ಮ ಬಳಗದ ಗೆಳೆಯನೊಬ್ಬ ತಾಲ್ಲೂಕು ಮಟ್ಟದ ಸುದ್ದಿ ಜಾಲತಾಣ ನಡೆಸುತ್ತಾನೆ. ಊರ ಹೆಸರಿಗೆ 'ವಾರ್ತೆ' ಸೇರಿಸಿ ಡೊಮೈನ್ ಕೊಂಡಿದ್ದ. ಸಂತೆ ದರ, ಕೆರೆ ಒತ್ತುವರಿ, ಗ್ರಾಮಸಭೆ ಇವೇ ಅವನ ಸುದ್ದಿ. ಮೊನ್ನೆ ವಕೀಲರ ನೋಟಿಸ್ ಬಂತು: ಈ ಹೆಸರು ನಮ್ಮ ಕಕ್ಷಿದಾರರ ಟ್ರೇಡ್‌ಮಾರ್ಕ್ ಉಲ್ಲಂಘಿಸಿದೆ, ಏಳು ದಿನದೊಳಗೆ ಡೊಮೈನ್ ವರ್ಗಾಯಿಸಿ. ರಾತ್ರಿ ಫೋನ್ ಮಾಡಿ, 'ಕೊಟ್ಟು ಕೈ ತೊಳ್ಕೊಳ್ಳಲಾ?' ಅಂದ. ಬೇಡ ಎಂದೆವು. ನಾಳೆ ಇಂಥ ಪತ್ರ ನಮ್ಮಲ್ಲಿ ಯಾರಿಗಾದರೂ ಬರಬಹುದು, ಅದಕ್ಕೇ ಕಾರಣ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ನೋಟಿಸ್ ಕೋರ್ಟಿನ ಆದೇಶವಲ್ಲ. ಅದು ಒಂದು ಪಕ್ಷದ ವಾದ ಅಷ್ಟೇ. ಅವರು ಕೊಟ್ಟ ಏಳು ದಿನದ ಗಡುವೂ ಅವರದೇ.

ಹಾಗೆಂದು ಕಡೆಗಣಿಸುವಂತೆಯೂ ಇಲ್ಲ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ಅದು ಬೆಂಗಳೂರಿನ ಸಿವಿಲ್ ಕೋರ್ಟಿನಿಂದಲೇ ಹೊರಟ ಕೇಸು. 'ಸಿಫಿ' ಎಂಬ ಹುಟ್ಟುಹಾಕಿದ ಪದಕ್ಕೆ ಒಂದು ಅಕ್ಷರ ಹೆಚ್ಚು ಸೇರಿಸಿಕೊಂಡವರು ಅಲ್ಲಿ ಸೋತರು.

ಆದರೆ 'ಸಿಫಿ' ಬೇರೆ, 'ವಾರ್ತೆ' ಬೇರೆ. ಬರೀ ಊರಿನ ಹೆಸರನ್ನೋ ಸರಕಿನ ಬಗೆಯನ್ನೋ ಸೂಚಿಸುವ ಪದ ಸಾಮಾನ್ಯವಾಗಿ ನೋಂದಣಿಗೆ ಅರ್ಹವಲ್ಲ ಎನ್ನುತ್ತದೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್. ಬಹುಕಾಲದ ಬಳಕೆಯಿಂದ ಆ ಪದ ಅವರದೇ ಎಂದು ಜನ ಗುರುತಿಸುವಂತಾಗಿದ್ದರೆ ಮಾತು ಬೇರೆ. ಅವರಿಗಿಂತ ಮೊದಲಿನಿಂದ ನಾವು ಬಳಸುತ್ತಿದ್ದರೆ 34ನೇ ಸೆಕ್ಷನ್ ನಮ್ಮ ಪರ. ಆಧಾರವಿಲ್ಲದೆ ಬೆದರಿಸುವವರ ಮೇಲೆ ನಾವೇ ದಾವೆ ಹೂಡಲು 142ನೇ ಸೆಕ್ಷನ್ ಇದೆ.

ಡಾಟ್ ಕಾಮ್ ಹೆಸರುಗಳ ವ್ಯಾಜ್ಯ ಯುಡಿಆರ್‌ಪಿ ಎಂಬ ನಿಯಮದಡಿಯೂ ನಡೆಯುತ್ತದೆ. ದೂರುದಾರರು ಅಲ್ಲಿ ಮೂರನ್ನೂ ಸಾಬೀತು ಮಾಡಬೇಕು: ಹೆಸರು ಗೊಂದಲ ಹುಟ್ಟಿಸುವಷ್ಟು ಹೋಲುತ್ತದೆ, ನಮಗೆ ಆ ಹೆಸರಿನಲ್ಲಿ ನ್ಯಾಯವಾದ ಹಕ್ಕಿಲ್ಲ, ಕೊಂಡದ್ದೂ ಬಳಸಿದ್ದೂ ದುರುದ್ದೇಶದಿಂದ. ಒಂದು ಬಿದ್ದರೂ ದೂರು ಬಿತ್ತು. ಅಲ್ಲಿ ಡೊಮೈನ್ ಹೋಗಬಹುದೇ ಹೊರತು ನಷ್ಟ ಪರಿಹಾರ ಕಟ್ಟಿಸುವುದಿಲ್ಲ. ಉತ್ತರಕ್ಕೆ 20 ದಿನ ಸಿಗುತ್ತದೆ. ಸುಮ್ಮನಿದ್ದರೆ ಅವರ ಕಾಗದ ನೋಡಿಯೇ ತೀರ್ಪು. ಡಾಟ್ ಇನ್ ಹೆಸರುಗಳಿಗೆ ನಮ್ಮ ದೇಶದ್ದೇ ಪ್ರತ್ಯೇಕ ಮಧ್ಯಸ್ಥಿಕೆ ನಿಯಮವಿದೆ.

ಇನ್ನೊಂದು ಎಡವಟ್ಟು ದುಡ್ಡು ಕೇಳುವುದು. ಕೆನಡಾದ ಮೈಕ್ ರೋ ಎಂಬ ಹದಿಹರೆಯದ ಹುಡುಗ ತನ್ನ ಹೆಸರಿಗೆ 'ಸಾಫ್ಟ್' ಸೇರಿಸಿ ಜಾಲತಾಣ ಮಾಡಿದ. ಮೈಕ್ರೋಸಾಫ್ಟ್ ಪರ ವಕೀಲರು 10 ಡಾಲರ್ ಕೊಡುತ್ತೇವೆಂದರು. ಹುಡುಗ ಸಿಟ್ಟಿಗೆ 10,000 ಕೇಳಿದ. ದುಡ್ಡು ಹೊಡೆಯಲೆಂದೇ ಹೆಸರು ಕೊಂಡಿದ್ದಾನೆ ಎಂದು ಆ ಮಾತನ್ನೇ ಅವನ ಮೇಲೆ ತಿರುಗಿಸಿದರು. 2004ರಲ್ಲಿ ಸುದ್ದಿಯಾಗಿ ಜನ ಅವನ ಪರ ನಿಂತ ಮೇಲೆ ರಾಜಿಯಾಯಿತು. ನಮ್ಮ ತಾಲ್ಲೂಕಿನ ಹುಡುಗನ ಪರ ಅಷ್ಟು ಜನ ನಿಲ್ಲುತ್ತಾರೆಂಬ ಭರವಸೆ ಬೇಡ.

ಹಾಗಾಗಿ ಗೆಳೆಯನಿಗೆ ಹೇಳಿದ್ದಿಷ್ಟು. ಫೋನಿನಲ್ಲಿ ಮಾತಾಡಬೇಡ. ಡೊಮೈನ್ ಕೊಂಡ ರಸೀದಿ, ಮೊದಲ ಸುದ್ದಿಯ ದಿನಾಂಕ, ಹಳೆಯ ಪುಟಗಳ ಪ್ರತಿ ತೆಗೆದಿಡು. ಅವರ ನೋಂದಣಿ ಸಂಖ್ಯೆ ಕೇಳು, ಅದು ಯಾವ ವರ್ಗದ್ದು, ಯಾವ ವರ್ಷದ್ದು ಎಂದು ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ನೋಡು. ಆಮೇಲೆ ವಕೀಲರೊಬ್ಬರಿಗೆ ತೋರಿಸಿ ಒಂದು ಪುಟದ ಉತ್ತರ ಕಳಿಸು.

ದೊಡ್ಡ ಪತ್ರಿಕೆಯ ಹೆಸರಿಗೆ ಬಾಲ ಅಂಟಿಸಿ ಓದುಗರನ್ನು ಸೆಳೆಯುವವರೂ ನಮ್ಮ ನಡುವೆ ಇದ್ದಾರೆ. ಅಂಥವರಿಗೆ ನೋಟಿಸ್ ಬಂದರೆ ಬಿಟ್ಟುಕೊಡುವುದೇ ಮರ್ಯಾದೆ. ಆದರೆ ಊರ ಹೆಸರು ಊರಿನದು. ಅದನ್ನಿಟ್ಟುಕೊಂಡು ಊರ ಸುದ್ದಿ ಬರೆಯುವವರು ಹೆದರಿ ಓಡಬೇಕಿಲ್ಲ. ಒತ್ತುವರಿ ಮಾಡಿದವರ ಹೆಸರು ಬರೆಯುವ ಧೈರ್ಯ ಇರುವವರು ಒಂದು ನೋಟಿಸಿಗೆ ಉತ್ತರ ಬರೆಯಲಾರರೇ?